ಅಪ್ಪನ ಕಿವಿಡಬ್ಬಿಗೆ ರಾಳ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಉಪ್ಪು ಬೇಕೆಂದರೂ ಕೂಗು, ನಿದ್ದೆ ಬಂತೆಂದರೂ ಕೂಗು. ಬೀದಿಯಲ್ಲಿ ಹೋಗುವ ಹೊಸಬರು ಇವರ ಮನೆಯಲ್ಲಿ ದಿನವೂ ಜಗಳ ಅಂದುಕೊಳ್ಳುತ್ತಿದ್ದರು. ಜಗಳವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಅಪ್ಪನಿಗೆ ಕಿವಿ ಮಂದ. ನಾನು ಹುಟ್ಟುವ ಮೊದಲೇ ಅವರಿಗೊಂದು ಕೆಟ್ಟ ಜ್ವರ ಬಂದು, ಹೋಗುವಾಗ ಕಿವಿಯನ್ನೂ ಜೊತೆಗೆ ಕೊಂಡೊಯ್ದಿತ್ತಂತೆ. ನಾನು ಫೋನಿನಲ್ಲಿ ಮಾತಾಡಿದರೆ "ಅಜ್ಜಿ, ಮೈಕ್ ನುಂಗಿದ್ದೀಯಾ?" ಅಂತ ನಗುತ್ತೀರಲ್ಲ, ಆ ಗಂಟಲು ಬಂದದ್ದು ಅಲ್ಲಿಂದ.

ನಮ್ಮದು ಮಧುಗಿರಿ ತಾಲ್ಲೂಕಿನಲ್ಲಿ, ಬಡವನಹಳ್ಳಿಗೆ ಹತ್ತಿರದ ಒಂದು ಸಣ್ಣ ಊರು. ಅಪ್ಪ ಅಲ್ಲಿನ ಪ್ರೈಮರಿ ಶಾಲೆಗೆ ಮೇಷ್ಟ್ರು. ಕಿವಿ ಕೇಳದ ಮೇಷ್ಟ್ರು ಪಾಠ ಹೇಳುವುದು ಹೇಗೆ ಅಂತೀರಾ? ಅದಕ್ಕೇ ಒಂದು ಡಬ್ಬಿ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ್ದು, ಹೊಟ್ಟೆಯಲ್ಲಿ ಒಂದು ಪೆನ್ ಸೆಲ್. ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರೆ ಅದರಿಂದ ಹೊರಟ ತೆಳ್ಳನೆಯ ವೈರು ಅಪ್ಪನ ಕುತ್ತಿಗೆ ಬಳಸಿ ಕಿವಿಯೊಳಗಿನ ಗುಂಡಿಗೆ ಸೇರುತ್ತಿತ್ತು. ನಾವು ಅದನ್ನು ಕಿವಿಡಬ್ಬಿ ಅನ್ನುತ್ತಿದ್ದೆವು. ಸೆಲ್ಲು ಖರ್ಚಾಗಬಾರದೆಂದು ಅಪ್ಪ ಮನೆಗೆ ಬಂದ ಕೂಡಲೇ ಅದನ್ನು ಆರಿಸಿ ಗೂಡಿನಲ್ಲಿಡುತ್ತಿದ್ದರು. ಅಲ್ಲಿಗೆ ನಮ್ಮ ಕೂಗಾಟ ಶುರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ, ಅಪ್ಪನ ಕ್ಲಾಸಿನಲ್ಲೇ. ಆ ವರ್ಷ ಕಡಲೆಕಾಯಿ ಕೀಳುವ ಕಾಲದಲ್ಲಿ ಸ್ಕೂಲ್ ಇನ್ಸ್‌ಪೆಕ್ಟರು ಬರುತ್ತಾರೆ ಅಂತ ಸುದ್ದಿ ಬಂತು. ಇನ್ಸ್‌ಪೆಕ್ಟರು ವರ್ಷಾವರ್ಷ ಬರುವವರೇ. ಆದರೆ ಈ ಸಲ ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ, 'ಆ ಮೇಷ್ಟ್ರಿಗೆ ಮಕ್ಕಳು ಹೇಳಿದ್ದು ಕೇಳಿಸಲ್ಲ, ಹುಡುಗರು ತಪ್ಪು ಹೇಳಿದ್ರೂ ಸರಿ ಅಂತ ಕೂರಿಸ್ತಾರೆ' ಎಂದು ಊದಿದ್ದರಂತೆ. ಇನ್ಸ್‌ಪೆಕ್ಟರಿಗೂ ಹಾಗೇ ಕಂಡರೆ ಅಪ್ಪನ ಮೇಷ್ಟ್ರ ಕೆಲಸ ಹೋಗುತ್ತದೆ. ಅಮ್ಮ ಮತ್ತು ಅಜ್ಜಿ ಇದನ್ನು ಹಿತ್ತಲಲ್ಲಿ ನಿಂತು ಪಿಸುಗುಟ್ಟಿಕೊಂಡರು. ನಮ್ಮ ಮನೆಯಲ್ಲಿ ಪಿಸುಮಾತು ಕೇಳಿದ್ದು ನನಗೆ ಅದೇ ಮೊದಲು. ಅಪ್ಪನಿಗೆ ಪಾಠ ಹೇಳುವುದು ಬಿಟ್ಟು ಬೇರೆ ಯಾವುದರಲ್ಲೂ ಜೀವ ಇರಲಿಲ್ಲ, ಅದು ನನಗೂ ಗೊತ್ತಿತ್ತು.

ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಡಬ್ಬಿಯನ್ನು ಜೇಬಿಗಿಟ್ಟು ಗುಂಡಿ ತಿರುಗಿಸಿದರು. ಮುಖ ಸಪ್ಪಗಾಯಿತು. ಇನ್ನೊಮ್ಮೆ ತಿರುಗಿಸಿದರು. ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದರು. ಹೊಸ ಸೆಲ್ ಹಾಕಿದರು. ಅಮ್ಮ ಎದುರಿಗೆ ನಿಂತು ಲೋಟ ಬಡಿದಳು. ಅಪ್ಪ ಲೋಟ ನೋಡಿದರು, ಅಮ್ಮನ ಮುಖ ನೋಡಿದರು, ಗೋಡೆಗೆ ಒರಗಿ ಕೂತುಬಿಟ್ಟರು.

ನಮ್ಮ ಅದೃಷ್ಟ, ಅಕ್ಕ ಮನೆಯಲ್ಲಿದ್ದಳು. ಅಕ್ಕ ನನಗಿಂತ ತುಂಬ ದೊಡ್ಡವಳು, ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ರೇಡಿಯೊ ರಿಪೇರಿ ಕಲಿಯುತ್ತಿದ್ದಳು. ಹೆಣ್ಣುಹುಡುಗಿಗೆ ಯಾಕೆ ಈ ಕೆಲಸ ಅಂತ ಊರೆಲ್ಲ ಆಡಿಕೊಂಡರೂ ಅಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಕಿಕೊಳ್ಳೋಣವೆಂದರೂ ಕೇಳಬೇಕಲ್ಲ! ರಜೆಗೆ ಬಂದಿದ್ದ ಅಕ್ಕ ಆ ಬೆಳಿಗ್ಗೆಯ ಬಸ್ಸಿಗೆ ವಾಪಸ್ಸು ಹೊರಟು ಚೀಲ ಹೆಗಲಿಗೇರಿಸಿದ್ದಳು. ಅಪ್ಪನನ್ನು ನೋಡಿ ಚೀಲ ಕೆಳಗಿಟ್ಟಳು.

ಅಮ್ಮನ ಹೇರ್‌ಪಿನ್ನಿನಿಂದ ಡಬ್ಬಿಯ ಮುಚ್ಚಳ ಎಬ್ಬಿಸಿ ನೋಡಿದವಳೇ "ಅಯ್ಯೋ ನನ್ ಶಿವನೇ!" ಅಂದಳು. ಸೆಲ್ ಕೂರುವ ಜಾಗದಲ್ಲಿ ಒಂದು ಪುಟ್ಟ ಹಿತ್ತಾಳೆ ತಗಡು, ಅದಕ್ಕೆ ಬೆಸೆದ ಒಂದು ಕೂದಲೆಳೆಯಂಥ ತಾಮ್ರದ ವೈರು. ಬೆಸುಗೆಯ ಸುತ್ತ ಹಸಿರು ಹಸಿರಾಗಿ ಕಿಲುಬು ಕಟ್ಟಿತ್ತು. ವೈರಿನ ತುದಿ ಮುಟ್ಟಿದ್ದೇ ತಡ, ಪುಡಿಯಾಗಿ ಉದುರಿತು.

"ಇದ್ನ ಯಾರು ಬೆಸ್ದಿದ್ದು?" ಅಂತ ಅಕ್ಕ ಕೇಳಿದಳು. ಕೂಗಿಯೇ ಕೇಳಿದಳು, ಅಪ್ಪನ ಮುಖದ ಮುಂದೆ ಬೆರಳು ಆಡಿಸುತ್ತ.

ಅಪ್ಪ ತಲೆ ತಗ್ಗಿಸಿದರು. ಉತ್ತರ ಕೊಟ್ಟಿದ್ದು ಅಜ್ಜಿ. "ಇನ್ಯಾರೇ, ಕಲಾಯಿ ಸಾಬ್ರು. ವೋದ ತಿಂಗ್ಳು ವೈರು ಕಿತ್ಕೊಂಡಿತ್ತು. ಒಂದ್ ಚಿಟಿಕೆ ನವಸಾಗರ ಹಾಕಿ ಅಂಟಿಸ್ಬುಟ್ರು. ಹೆಂಗೆ ಕೂತಿತ್ತು ಗೊತ್ತಾ, ಬೆಳ್ಳಿ ಇದ್ದಂಗೆ!"

ಕಲಾಯಿ ಅಂದರೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ಆಗ ಅಡುಗೆಮನೆಯಲ್ಲಿ ಎಲ್ಲವೂ ಹಿತ್ತಾಳೆ, ತಾಮ್ರ. ಹುಳಿ ಹಾಕಿದರೆ ಪಾತ್ರೆಯೊಳಗೆ ಹಸಿರು ಕಿಲುಬು ಬರುತ್ತಿತ್ತು, ಅದು ವಿಷ. ಅದಕ್ಕೆ ಶಿರಾ ಕಡೆಯಿಂದ ಒಬ್ಬರು ಸಾಬರು ಸೈಕಲ್ಲಿನಲ್ಲಿ ತಿದಿ ಕಟ್ಟಿಕೊಂಡು ಬರುತ್ತಿದ್ದರು. ಬೇವಿನ ಮರದಡಿ ಇದ್ದಿಲು ಒಲೆ ಹೂಡಿ, ಪಾತ್ರೆಯನ್ನು ಕೆಂಪಗೆ ಕಾಯಿಸಿ, ನವಸಾಗರದ ಬಿಳಿಪುಡಿ ಎರಚುತ್ತಿದ್ದರು. ಬಿಳಿ ಹೊಗೆ ಬುಸ್ಸೆಂದು ಎದ್ದು ನಮ್ಮ ಮೂಗೆಲ್ಲ ಉರಿಯುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಿವೆಯಲ್ಲಿ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಗೆ ಮಿಂಚುತ್ತಿತ್ತು. ನಮ್ಮ ಕಡೆಯವರಿಗೆ ಬೆಸುಗೆ ಅಂದರೆ ನವಸಾಗರ, ನವಸಾಗರ ಅಂದರೆ ಬೆಸುಗೆ. ಬೇರೆ ಗೊತ್ತೇ ಇರಲಿಲ್ಲ.

ಸಾಬರ ತಪ್ಪೂ ಇರಲಿಲ್ಲ. "ಮೇಷ್ಟ್ರೇ, ನಂದು ಬೋಗಣಿ ಕೆಲ್ಸ. ಈ ಮಷೀನ್ ಕೆಲ್ಸ ನಮ್ಗೆ ಮಾಲೂಮ್ ಇಲ್ಲ, ಟೌನಿಗೆ ತಗೊಂಡ್ಹೋಗಿ" ಅಂತ ಅವರು ಹೇಳಿದ್ದರಂತೆ. ಅಪ್ಪನಿಗೆ ಅದು ಕೇಳಿಸಿದರೆ ತಾನೆ! ಡಬ್ಬಿ ಕೆಟ್ಟು ಸಾಬರ ಕೈಯಲ್ಲೇ ಇತ್ತು. ಅಪ್ಪ ನಗುತ್ತ ತಲೆ ಆಡಿಸಿದರು, ಸಾಬರು ಸರಿ ಬಿಡಿ ಅಂತ ಬೆಸೆದುಕೊಟ್ಟರು.

ಅಕ್ಕ ತನಗೆ ತಾನೇ ಹೇಳಿಕೊಳ್ಳುವಂತೆ ವಿವರಿಸಿದಳು. ಲೋಹವನ್ನು ಕಾಯಿಸಿದರೆ ಅದರ ಮೇಲೆ ಕಪ್ಪು ಪೊರೆ ಕಟ್ಟುತ್ತದೆ, ಪೊರೆಯ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಪೊರೆ ತೆಗೆಯುವುದಕ್ಕೆ ಒಂದು ಮದ್ದು ಬೇಕು, ಅದಕ್ಕೆ ಫ್ಲಕ್ಸ್ ಅನ್ನುತ್ತಾರೆ. ನವಸಾಗರವೂ ಅಂಥ ಮದ್ದೇ, ಆದರೆ ಉಗ್ರ. ಪಾತ್ರೆಯಾದರೆ ಒರೆಸಿ, ತೊಳೆದು ಬಿಡುತ್ತೇವೆ. ಈ ಡಬ್ಬಿಯೊಳಗೆ ತೊಳೆಯುವವರು ಯಾರು? ಅಲ್ಲೇ ಉಳಿದು, ಗಾಳಿಯ ತೇವ ಕುಡಿದು, ದಿನಾ ಸ್ವಲ್ಪ ಸ್ವಲ್ಪ ವೈರನ್ನೇ ತಿಂದುಬಿಟ್ಟಿದೆ. ಕಿಲುಬು ಬಾರದಿರಲಿ ಅಂತ ಹಾಕುವ ವಸ್ತುವೇ ಇಲ್ಲಿ ಕಿಲುಬು ತಂದಿತ್ತು, ನೋಡಿ.

"ಇದ್ಕೆ ಬೇಕಾಗಿರೋದು ರಾಳ" ಅಂದಳು ಅಕ್ಕ. "ರಾಳ ಸಾಧು. ಕೆಲ್ಸ ಮಾಡಿ ಸುಮ್ನೆ ಕೂತ್ಕೊಳ್ಳುತ್ತೆ, ಕಚ್ಚಲ್ಲ. ಹಾಸ್ಟೆಲಲ್ಲಿ ಡಬ್ಬಿ ತುಂಬಾ ಇದೆ. ಇಲ್ಲಿ ಎಲ್ಲಿಂದ ತರ್ಲಿ?"

ಅಮ್ಮ ಥಟ್ಟನೆ ಅಂದಳು, "ರಾಕ್ಷಸನ ಮನೇಲಿ ಇರ್ತದಲ್ಲ!"

ನಗಬೇಡಿ. ನಮ್ಮೂರಿನ ಬಯಲಾಟದಲ್ಲಿ ರಾಕ್ಷಸನ ಪಾತ್ರ ಕಟ್ಟುವವರೊಬ್ಬರು ನಮ್ಮ ಹಿಂದಿನ ಬೀದಿಯಲ್ಲಿದ್ದರು. ಊರೆಲ್ಲ ಅವರನ್ನು ರಾಕ್ಷಸ ಅಂತಲೇ ಕರೆಯುವುದು, ಆಸಾಮಿ ಮಾತ್ರ ಇರುವೆಯನ್ನೂ ತುಳಿಯದವರು. ಆಟದಲ್ಲಿ ರಾಕ್ಷಸ ಬರುವಾಗ ಪಂಜಿಗೆ ರಾಳದ ಪುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತದೆ, ನಾವು ಮಕ್ಕಳು ಕಿರುಚಿಕೊಂಡು ಅಮ್ಮನ ಸೆರಗಿಗೆ ನುಗ್ಗುತ್ತಿದ್ದೆವು. ಆ ರಾಳವೇ, ಮರದ ಅಂಟು ಗಟ್ಟಿಯಾದದ್ದು. "ಓಡೇ, ಪುಡಿ ಬ್ಯಾಡ, ಉಂಡೆ ತಗೊಂಬಾ" ಅಂತ ಅಕ್ಕ ನನ್ನ ಬೆನ್ನಿಗೊಂದು ತಟ್ಟಿದಳು.

ಓಡಿದೆ ನೋಡಿ! ಅಂಗಳಗಳಲ್ಲೆಲ್ಲ ಕಡಲೆಗಿಡದ ರಾಶಿ, ಹಸಿಮಣ್ಣಿನ ವಾಸನೆ, ಬರಿಗಾಲಿಗೆ ಒಣಗಿದ ಬಳ್ಳಿ ಚುಚ್ಚುತ್ತಿತ್ತು. ರಾಕ್ಷಸ ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ವಿಷಯ ಹೇಳಿದೆ. "ಕೊಡಾನ ಬುಡು ಮಗ, ಅದ್ಕೇನು" ಅಂದರು. ಆದರೆ ರಾಳ ಇದ್ದದ್ದು ವೇಷದ ಪೆಟ್ಟಿಗೆಯಲ್ಲಿ. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲ ಇರುವ ಪೆಟ್ಟಿಗೆ ಅದು. ಅದನ್ನು ಹಾಗೆ ಕಂಡಾಬಟ್ಟೆ ತೆಗೆಯುವಂತಿಲ್ಲ. ಕೈಕಾಲು ತೊಳೆದು, ದೀಪ ಹಚ್ಚಿ, ಊದುಬತ್ತಿ ಬೆಳಗಿ, ಒಂದು ಹೂವಾದರೂ ಇಟ್ಟು ತೆಗೆಯಬೇಕು.

ಆ ತಾಯಿ ನಿಧಾನವಾಗಿ ಎದ್ದರು. ನಿಧಾನವಾಗಿ ಕೈಕಾಲು ತೊಳೆದರು. ಬೆಂಕಿಕಡ್ಡಿ ಗೀರಿದರೆ ಮುರಿಯಿತು. ಇನ್ನೊಂದು ಗೀರಿದರೆ ಗಾಳಿಗೆ ಆರಿತು. ಹೂವಿಗೆ ಹಿತ್ತಲಿಗೆ ಹೋದರೆ ಹಿತ್ತಲಲ್ಲೇ ಉಳಿದುಬಿಟ್ಟರೇನೋ ಅನ್ನಿಸಿತು. ಅಕ್ಕನ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗಿದ್ದು ಅಲ್ಲಿಂದಲೇ ಕೇಳಿಸಿತು. "ಬಿರ್ನೆ ಅಜ್ಜೀ, ಬಿರ್ನೆ!" ಅಂದೆ. "ಅವಸ್ರ ಮಾಡುದ್ರೆ ಪೆಟ್ಗೆ ದ್ಯಾವ್ರು ಮುನಿಸ್ಕೊತಾನೆ ಕಣಮ್ಮ" ಅಂದರು, ಪೆಟ್ಟಿಗೆಗೆ ಕೈಮುಗಿಯುತ್ತ. ನನಗೆ ಅಳುವೇ ಬಂತು. ಕೊನೆಗೂ ಬೀಗ ತೆಗೆದು, ಬಟ್ಟೆಗಂಟಿನಿಂದ ಜೇನುಬಣ್ಣದ ಒಂದು ಉಂಡೆಯನ್ನು ನನ್ನ ಅಂಗೈಗೆ ಹಾಕಿದರು. ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿತ್ತು.

ನಾನು ಮನೆಗೆ ಬರುವಷ್ಟರಲ್ಲಿ ಅಕ್ಕ ಅರ್ಧ ಕೆಲಸ ಮುಗಿಸಿದ್ದಳು. ಹಿತ್ತಾಳೆ ತಗಡನ್ನು ಡಬ್ಬಿಯಿಂದ ಬೇರೆ ಮಾಡಿ, ಕಿಲುಬು ಕೆರೆದು, ಬಿಸಿನೀರಿನಲ್ಲಿ ಬ್ರಶ್ ಹಾಕಿ ತಿಕ್ಕಿ ತಿಕ್ಕಿ ತೊಳೆದು, ಒಲೆಯ ಪಕ್ಕ ಒಣಗಿಸಿದ್ದಳು. ಮೊದಲು ನವಸಾಗರ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ರಾಳ ಹಾಕಿಯೂ ದಂಡ. ವೈರಿನ ಕೊಳೆತ ತುದಿಯನ್ನು ಕತ್ತರಿಸಿ, ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಬ್ಲೇಡಿನಲ್ಲಿ ಸವರಿದ್ದಳು. ಬೆಸೆಯುವ ಸೀಸದ ಚೂರೊಂದು ಅವಳ ಚೀಲದಲ್ಲಿತ್ತು, ಅದನ್ನು ಕರಗಿಸುವ ಸೋಲ್ಡರಿಂಗ್ ಐರನ್ ಎಲ್ಲಿತ್ತು ನಮ್ಮಲ್ಲಿ? ಅದು ಕರೆಂಟಿನದು, ಅದೂ ಹಾಸ್ಟೆಲಿನಲ್ಲಿ. ಹಳೆಯ ಕುಡುಗೋಲಿನ ಹಿಡಿಗೆ ದಪ್ಪ ತಾಮ್ರದ ಕಡ್ಡಿಯೊಂದನ್ನು ಸಿಕ್ಕಿಸಿ, ತುದಿಯನ್ನು ಅರದಲ್ಲಿ ಚೂಪು ಮಾಡಿ, ಒಲೆಯ ಕೆಂಡಕ್ಕೆ ಇಟ್ಟಿದ್ದಳು.

ಮೊದಲು ಒಂದು ಹಳೇ ವೈರಿನ ಮೇಲೆ ನೋಡಿದಳು. ರಾಳ ಮುಟ್ಟಿಸದೆ ಬೆಸೆಯಲು ಹೋದರೆ ಸೀಸ ಗುಂಡುಗುಂಡಾಗಿ ಉರುಳಿ ನೆಲಕ್ಕೆ ಬಿತ್ತು. "ನೋಡ್ದಾ? ಹಿಡಿಯಲ್ಲ" ಅಂದಳು. ಆಮೇಲೆ ಕಾದ ಕಡ್ಡಿಯನ್ನು ರಾಳದ ಉಂಡೆಗೆ ಒಂದಿಷ್ಟೇ ಒತ್ತಿದಳು. ಚುಂಯ್ ಅಂತ ಕರಗಿ ಹೊಗೆ ಎದ್ದಿತು. ಮೂಗು ಉರಿಯುವ ಹೊಗೆಯಲ್ಲ, ಗುಡಿಯ ಧೂಪದಂಥ ಸುಗಂಧ. ಕರಗಿದ ರಾಳದಲ್ಲಿ ವೈರನ್ನು ಅದ್ದಿ ಮತ್ತೆ ಸೀಸ ಮುಟ್ಟಿಸಿದರೆ, ಅದು ಕಾದ ದೋಸೆಯ ಮೇಲೆ ತುಪ್ಪ ಹರಿದ ಹಾಗೆ ಹರಿದು ಕೂತಿತು.

ಇನ್ನು ನಿಜವಾದ ಬೆಸುಗೆ. ಇದ್ದ ವೈರು ಮೊದಲೇ ಗಿಡ್ಡವಾಗಿತ್ತು. ಸುಟ್ಟು ಹಾಳಾದರೆ ಮತ್ತೆ ಕತ್ತರಿಸಲು ಉದ್ದವಿಲ್ಲ. ಒಂದೇ ಸಲ, ಅಷ್ಟೇ. ಅಪ್ಪ ತಗಡನ್ನು ಇಕ್ಕಳದಲ್ಲಿ ಹಿಡಿದರು. ಅಲುಗದಿರಲಿ ಅಂತ ಅಮ್ಮ ಅವರ ಮೊಣಕೈ ಹಿಡಿದಳು. ನಾನು ಉಸಿರು ಬಿಗಿಹಿಡಿದೆ. ಅಕ್ಕ ಕೆಂಡದಿಂದ ಕಡ್ಡಿ ತೆಗೆದು ಬಗ್ಗಿದಳೋ ಇಲ್ಲವೋ, ಹಿಂದಿನಿಂದ ಅಜ್ಜಿಯ ಕೈ ಬಂತು. ಬೆರಳ ತುದಿಯಲ್ಲಿ ಏನೋ ಬಿಳಿಪುಡಿ!

"ಬ್ಯಾಡಾ ಅಜ್ಜೀ!" ಅಕ್ಕ ಕಿರುಚಿದ್ದು ಮಧುಗಿರಿ ಬೆಟ್ಟಕ್ಕೂ ಕೇಳಿಸಿರಬೇಕು.

"ಒಂದೇ ಒಂದ್ ಚಿಟಿಕೆ ಕಣೇ, ಗಟ್ಟಿಯಾಗಿ ಕೂರ್ಲಿ ಅಂತ" ಅಂದಳು ಅಜ್ಜಿ. ಸೆರಗಿನಲ್ಲಿ ನವಸಾಗರ ಕಟ್ಟಿಕೊಂಡು ಬಂದಿದ್ದಳು ಪುಣ್ಯಾತ್ಗಿತ್ತಿ. ಮಗನ ಮೇಲಿನ ಪ್ರೀತಿ, ಏನು ಮಾಡುವುದು! ಅಮ್ಮ ಅಜ್ಜಿಯ ಕೈ ಹಿಡಿದು ಅತ್ತ ಕೂರಿಸಿದಳು. ಅಷ್ಟರಲ್ಲಿ ಕಡ್ಡಿ ತಣ್ಣಗಾಗಿತ್ತು. ಮತ್ತೆ ಕೆಂಡಕ್ಕೆ ಇಡಬೇಕಾಯಿತು. ಶಾಲೆಯ ಕಡೆಯಿಂದ ಮೊದಲ ಗಂಟೆ ಹೊಡೆಯಿತು. ಅಪ್ಪನಿಗೆ ಕೇಳಿಸಲಿಲ್ಲ, ನಮ್ಮ ಮುಖ ನೋಡಿ ಗೊತ್ತಾಯಿತು.

ಈ ಸಲ ಅಕ್ಕ ಸಾಸಿವೆ ಕಾಳಿನಷ್ಟು ರಾಳವನ್ನು ತಗಡಿನ ಮೇಲಿಟ್ಟಳು. ಕಡಿಮೆಯಾದರೆ ಹಿಡಿಯಲ್ಲ, ಜಾಸ್ತಿಯಾದರೆ ಹರಿದು ಡಬ್ಬಿಯ ಒಳಗೆಲ್ಲ ಅಂಟಿಕೊಳ್ಳುತ್ತದೆ. ಕಡ್ಡಿಯ ತುದಿಯಿಂದ ತಗಡನ್ನೂ ವೈರನ್ನೂ ಒಟ್ಟಿಗೆ ಕಾಯಿಸಿದಳು. ರಾಳ ಕರಗಿ ಕುದಿಯಿತು. ಸೀಸ ಮುಟ್ಟಿಸಿದಳು. ಸರ್ರನೆ ಹರಿಯಿತು. ಕಡ್ಡಿ ತೆಗೆದಳು. ನಾನು ಬೇಗ ಆರಲಿ ಅಂತ ಊದಲು ಬಾಯಿ ತೆರೆದಿದ್ದೆ, ಅಕ್ಕ ಎಡಗೈಯಲ್ಲಿ ನನ್ನ ಬಾಯಿ ಮುಚ್ಚಿದಳು. "ಊದಬ್ಯಾಡ್ವೇ, ಅಲುಗ್ಬಾರ್ದು, ತಾನಾಗೇ ಆರ್ಬೇಕು." ಎಲ್ಲರೂ ಆ ಸಾಸಿವೆಯಷ್ಟು ಜಾಗವನ್ನೇ ನೋಡುತ್ತ ಕೂತೆವು. ಬೆಸುಗೆ ಮಂಕಾದರೆ ಸುಳ್ಳು ಬೆಸುಗೆ, ಹೊಳೆದರೆ ನಿಜದ್ದು. ಅದು ಹೊಳೆಯಿತು.

ಅಕ್ಕ ಉಳಿದ ರಾಳವನ್ನು ಉಗುರಿನಲ್ಲಿ ಕೆರೆದು ತೆಗೆದು, ಡಬ್ಬಿ ಜೋಡಿಸಿದಳು. ಅಪ್ಪ ಜೇಬಿಗಿಟ್ಟು ಗುಂಡಿ ತಿರುಗಿಸಿದರು. ಕುಯ್ಯ್ ಅಂತ ಸಣ್ಣ ಸೀಟಿ. ಅಪ್ಪನ ಹುಬ್ಬು ಮೇಲೇರಿತು. "ಬಂತು" ಅಂದರು. ಇನ್ನು ಮಾತಾಡಲು ಪುರಸೊತ್ತಿರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ದಾಪುಗಾಲು ಹಾಕಿದರು, ನಾನು ಸ್ಲೇಟು ಎತ್ತಿಕೊಂಡು ಹಿಂದೆ ಓಡಿದೆ. ದಾರಿಯುದ್ದಕ್ಕೂ ನನಗೊಂದೇ ಚಿಂತೆ. ನಿಲ್ಲುತ್ತದಾ? ಅಪ್ಪ ಜೋರಾಗಿ ಹೆಜ್ಜೆ ಹಾಕಿದರೆ ಕಿತ್ತುಕೊಳ್ಳುತ್ತದಾ? ಕೆಮ್ಮಿದರೆ?

ಇನ್ಸ್‌ಪೆಕ್ಟರು ಆಗಲೇ ಬಂದಿದ್ದರು. ಬಿಳಿ ಪ್ಯಾಂಟು, ದಪ್ಪ ಕನ್ನಡಕ, ನಗದ ಮುಖ. ಅಪ್ಪನ ಜೇಬಿನ ವೈರನ್ನು ಒಮ್ಮೆ ನೋಡಿದರು. ಕ್ಲಾಸಿನ ಹಿಂದಕ್ಕೆ ಬಂದು ಗೋಡೆಗೆ ಒರಗಿ ನಿಂತು, "ಮೇಷ್ಟ್ರೇ, ಬೋರ್ಡ್ ಮೇಲೆ ನಾಲ್ಕು ಲೆಕ್ಕ ಬರೀತಾ ಇರಿ. ನಾನು ಹೇಳೋವರೆಗೆ ಈ ಕಡೆ ತಿರುಗಬೇಡಿ" ಅಂದರು. ಅಪ್ಪ ತಿರುಗಿ ಬರೆಯತೊಡಗಿದರು. ಬಾಯಿ ನೋಡಿ ಮಾತು ತಿಳಿದುಕೊಳ್ಳುವ ಉಪಾಯ ಅಲ್ಲಿಗೆ ಮುಗಿಯಿತು. ಇನ್ಸ್‌ಪೆಕ್ಟರು ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬಳ ಭುಜ ಮುಟ್ಟಿದರು. ನೋಡಿದರೆ ಅದು ನಾನೇ!

"ಹದಿನೇಳರ ಮಗ್ಗಿ ಹೇಳಮ್ಮ. ಮೆಲ್ಲಗೆ ಹೇಳು, ನನಗೆ ಕೇಳಿದರೆ ಸಾಕು."

ನಾನು ಜೋರಾಗಿ ಹೇಳಬೇಕೆಂದೇ ಬಾಯಿ ತೆರೆದೆ. ಊರೊಡೆಯುವ ಗಂಟಲು ನನ್ನದು. ಆದರೆ ಹಾಳಾದ್ದು, ಅವತ್ತು ದನಿಯೇ ಹೊರಡಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಪಿಸಪಿಸ ಅಂತ ಶುರು ಮಾಡಿದೆ. ಒಂದ್ಲಾ ಹದಿನೇಳು, ಎರಡ್ಲಾ ಮೂವತ್ನಾಕು. ಅಪ್ಪನ ಸೀಮೆಸುಣ್ಣ ಬೋರ್ಡಿನ ಮೇಲೆ ಕಿರ್ ಕಿರ್ ಅನ್ನುತ್ತಿತ್ತು. ಐದ್ಲಾ ಎಂಬತ್ತೈದು, ಆರ್ಲಾ ನೂರಾ ಎರಡು. ಅಪ್ಪನ ಬೆನ್ನನ್ನೇ ನೋಡುತ್ತಿದ್ದೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಏಳ್ಲಾ ನೂರಾ ಹದಿನೇಳು, ಅಂದೆ. ಎಂಟ್ಲಾ ಅನ್ನುವುದರೊಳಗೆ ಸೀಮೆಸುಣ್ಣದ ಸದ್ದು ನಿಂತಿತು.

"ನೂರಾ ಹತ್ತೊಂಬತ್ತು ಕಣಮ್ಮ" ಅಂದರು ಅಪ್ಪ, ತಿರುಗದೆಯೇ. "ಏಳ್ಲಾ ನೂರಾ ಹತ್ತೊಂಬತ್ತು. ಮೊದಲಿಂದ ಹೇಳು."

ಹೇಳುವುದೆಲ್ಲಿ ಬಂತು! ನಾನು ಗೊಳೋ ಅಂತ ಅತ್ತುಬಿಟ್ಟೆ. ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದೆಲ್ಲ ಹೊರಗೆ ಬಂತು. ಇನ್ಸ್‌ಪೆಕ್ಟರು ಗಾಬರಿಯಾಗಿ, "ಅಯ್ಯೋ, ಅಳಬೇಡಮ್ಮ, ಮಗ್ಗಿ ತಪ್ಪಿದ್ರೆ ಏನು ಪ್ರಪಂಚ ಮುಳುಗಲ್ಲ" ಅಂತ ನನ್ನ ತಲೆ ಸವರಿದರು. ಪಾಪ, ಅವರಿಗೇನು ಗೊತ್ತು! ಆಮೇಲೆ ಮುಂದೆ ಹೋಗಿ ಅಪ್ಪನ ಪಕ್ಕ ನಿಂತು ಮೂಗು ಅರಳಿಸಿದರು. "ಏನ್ ಮೇಷ್ಟ್ರೇ, ನಿಮ್ಮ ಜೇಬಿನಿಂದ ಧೂಪದ ವಾಸನೆ?" ಅಂದರು. "ಬೆಳಿಗ್ಗೆ ಮನೇಲಿ ಪೂಜೆ ಇತ್ತು ಸಾರ್" ಅಂದರು ಅಪ್ಪ. ಇನ್ಸ್‌ಪೆಕ್ಟರು ನಕ್ಕರು. ಅಪ್ಪ ನಿವೃತ್ತಿಯಾಗುವವರೆಗೂ ಮೇಷ್ಟ್ರಾಗಿಯೇ ಇದ್ದರು.

ನಿಮ್ಮ ಕಿವಿಯಲ್ಲೂ ಈಗ ಹಾಡು ಕೇಳುವ ಡಬ್ಬಿಗಳಿವೆ, ಹುಣಸೆಬೀಜದಷ್ಟು. ಒಂದು ಕೆಟ್ಟರೆ ಇನ್ನೊಂದು, ಅದು ಕಳೆದರೆ ಮತ್ತೊಂದು, ಬಾಗಿಲಿಗೇ ಬಂದು ಬೀಳುತ್ತದೆ. ಒಳಗೆ ಏನಿದೆ ಅಂತ ನೋಡಲು ಹೇರ್‌ಪಿನ್ನೂ ಹೋಗುವುದಿಲ್ಲ. ಇರಲಿ ಬಿಡಿ, ಒಂದು ಬೆಸುಗೆ ಹೊಳೆಯಿತೋ ಮಂಕಾಯಿತೋ ಅಂತ ಇಡೀ ಮನೆ ಉಸಿರು ಹಿಡಿದು ಕೂರುವ ಪಾಡು ನಿಮಗೆ ಬರದಿರಲಿ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನೀವು ಆ ಟ್ಯಾಬು ಹಿಡಿದು ಲೆಕ್ಕ ಮಾಡುವಾಗ ಉತ್ತರ ತಪ್ಪಾಗಿ ಕೆಂಪು ಗುರುತು ಬಂದರೆ ಮುಖ ಊದಿಸಿಕೊಂಡು ಕೂರುತ್ತೀರಲ್ಲ, ಆಗ ನನಗೆ ನಗು ಬರುತ್ತದೆ. ಅಜ್ಜಿಗೆ ಏನು ತಿಳಿಯುತ್ತೆ ಅಂತ ನೀವು ಗೊಣಗುತ್ತೀರಿ. ತಿಳಿಯುತ್ತೆ ಕಣ್ರೋ. ಬೆನ್ನು ತಿರುಗಿಸಿ ನಿಂತ ಒಬ್ಬರು ನನ್ನ ತಪ್ಪನ್ನು ಕೇಳಿಸಿಕೊಂಡರು, ತಿದ್ದಿದರು. ಅವತ್ತು ಆದಷ್ಟು ಸಂತೋಷ ನನಗೆ ಯಾವ ಸರಿ ಉತ್ತರಕ್ಕೂ ಆಗಿಲ್ಲ.